ಆಮ್ಸ್ಟರ್‌ಡ್ಯಾಮಿನ ಬೇಸಿಗೆಯ ಸಂಜೆಗಳು: ಹಿರಿಯರೊಂದಿಗೆ ಕಾಲುವೆಯ ದಂಡೆಯಲ್ಲಿ ಹೇಗೆ ಕಳೆಯಬಹುದು?

ಆಮ್ಸ್ಟೆಲ್‌ವೇನ್ ವಾಸಿ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿರುವ ನನ್ನ ತಂದೆ ತಾಯಿ ಜೂನ್ ನಡುವಿನಲ್ಲಿ ಇಲ್ಲಿಗೆ ಬಂದು ಆಗಸ್ಟ್ ಕೊನೆಯವರೆಗೆ ನಮ್ಮೊಡನೆ ಇರಲಿದ್ದಾರೆ. ಹಗಲು ನಾನೂ ನನ್ನ ಹೆಂಡತಿಯೂ ಕೆಲಸದಲ್ಲಿರುವುದರಿಂದ ಅವರನ್ನು ಕರೆದುಕೊಂಡು ಓಡಾಡಲು ನಮಗೆ ಉಳಿಯುವುದು ಸಂಜೆಯ ಹೊತ್ತೊಂದೇ. ನೋಡಲೇಬೇಕಾದ ಸ್ಥಳಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ, ಆದ್ದರಿಂದ ಅದನ್ನು ಕೇಳುತ್ತಿಲ್ಲ. ಆಮ್ಸ್ಟರ್‌ಡ್ಯಾಮಿನ ಕಾಲುವೆಗಳ ನಡುವೆ ಊಟದ ನಂತರದಿಂದ ಕತ್ತಲಾಗುವವರೆಗಿನ ದೀರ್ಘವಾದ ಹೊತ್ತನ್ನು ಅವಸರವಿಲ್ಲದೆ, ಹಿರಿಯರಿಗೆ ಆಯಾಸವಾಗದಂತೆ ಹೇಗೆ ಕಳೆಯಬಹುದು ಎಂಬುದನ್ನು ಬಹುಕಾಲದಿಂದ ಇಲ್ಲಿರುವವರು ತಿಳಿಸಬೇಕೆಂದು ಕೋರುತ್ತೇನೆ. ತಂದೆಯವರಿಗೆ ಮಂಡಿನೋವಿದೆ. ಇಬ್ಬರೂ ಸಸ್ಯಾಹಾರಿಗಳು, ಮದ್ಯ ಮುಟ್ಟುವವರಲ್ಲ. ಹಾಗಾಗಿ ಕೆಫೆಗಳ ಹೊರಾಂಗಣದಲ್ಲಿ ಗಂಟೆಗಟ್ಟಲೆ ಕುಳಿತು ಕುಡಿಯುವ ಇಲ್ಲಿನ ರೂಢಿ ಅವರಿಗೆ ಹೊಂದುವುದಿಲ್ಲ.

ತಾಯಿಯವರು ಫೋನಿನಲ್ಲಿ ಮತ್ತೊಂದು ಪ್ರಶ್ನೆ ಕೇಳಿದ್ದಾರೆ, ಅದಕ್ಕೂ ನನ್ನಲ್ಲಿ ಉತ್ತರವಿಲ್ಲ: ರಾತ್ರಿ ಹತ್ತು ಗಂಟೆಗೆ ಸೂರ್ಯ ಮುಳುಗುವ ಊರಿನಲ್ಲಿ ದೇವರ ಮುಂದೆ ಸಂಜೆಯ ದೀಪ ಹಚ್ಚುವುದು ಎಷ್ಟು ಹೊತ್ತಿಗೆ?

ಯೋರ್ಡಾನ್ ನಿವಾಸಿ

ನಿಮ್ಮ ತಂದೆ ತಾಯಿಯವರು ಬರುತ್ತಿರುವ ಕಾಲ ಬಹಳ ಒಳ್ಳೆಯದು, ಏಕೆಂದರೆ ಅವರು ಒಂದೇ ಭೇಟಿಯಲ್ಲಿ ಎರಡು ಬಗೆಯ ಸಂಜೆಗಳನ್ನು ನೋಡುತ್ತಾರೆ. ಜೂನ್ 21ರ ಆಸುಪಾಸಿನಲ್ಲಿ ಇಲ್ಲಿ ಸೂರ್ಯಾಸ್ತವಾಗುವುದು ರಾತ್ರಿ 10 ದಾಟಿದ ಮೇಲೆ; ಅದೇ ದಿನ ಧಾರವಾಡದಲ್ಲಿ ಏಳರ ಸುಮಾರಿಗೆ ಸೂರ್ಯ ಮುಳುಗಿರುತ್ತಾನೆ. ಈ ವ್ಯತ್ಯಾಸಕ್ಕೆ ನಾವು ಉತ್ತರಕ್ಕೆ, 52 ಡಿಗ್ರಿ ಅಕ್ಷಾಂಶದಲ್ಲಿ ಇರುವುದು ಮುಖ್ಯ ಕಾರಣ. ಅದರ ಜೊತೆಗೆ, ಬೇಸಿಗೆಯ ಕಾಲಮಾನದಿಂದಾಗಿ ಇಲ್ಲಿನ ಗಡಿಯಾರವು ನಿಜವಾದ ಸೂರ್ಯನಿಗಿಂತ ಸುಮಾರು 1 ಗಂಟೆ 40 ನಿಮಿಷ ಮುಂದಿರುತ್ತದೆ, ನಡುಮಧ್ಯಾಹ್ನವೇ 1 ಗಂಟೆ 40 ನಿಮಿಷಕ್ಕೆ ಆಗುತ್ತದೆ. ಸೂರ್ಯ ಮುಳುಗಿದ ಮೇಲೂ ನಮ್ಮೂರಿನಂತೆ ತಟ್ಟನೆ ಕತ್ತಲು ಕವಿಯುವುದಿಲ್ಲ. ಅವನು ಓರೆಯಾಗಿ, ನಿಧಾನವಾಗಿ ಕೆಳಗಿಳಿಯುವುದರಿಂದ ಧಾರವಾಡದಲ್ಲಿ ಅರ್ಧ ಗಂಟೆಯೊಳಗೆ ಮುಗಿಯುವ ಸಂಜೆಬೆಳಕು ಇಲ್ಲಿ ಮುಕ್ಕಾಲು ಗಂಟೆಗೂ ಮೀರಿ ಉಳಿಯುತ್ತದೆ. ಜೂನ್ ಕೊನೆಯಲ್ಲಿ ಉತ್ತರದ ಅಂಚಿನ ಆಕಾಶ ನಡುರಾತ್ರಿಯಲ್ಲೂ ಪೂರ್ತಿ ಕಪ್ಪಾಗುವುದಿಲ್ಲ.

ಆದ್ದರಿಂದ ಜೂನಿನ ಸಂಜೆಗೆ ಹೊರಡುವವರು ದೀಪಗಳನ್ನು ನೋಡುವ ಆಸೆ ಬಿಟ್ಟು ಬೆಳಕನ್ನು ನೋಡಲು ಹೋಗಬೇಕು. ಅದಕ್ಕೆ ನನ್ನ ಆಯ್ಕೆ ಬ್ರೌವರ್ಸ್‌ಗ್ರಾಖ್ಟ್. ಹೇರೆನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್ ಎಂಬ ಮೂರು ದೊಡ್ಡ ಕಾಲುವೆಗಳು ನಗರವನ್ನು ಬಿಲ್ಲಿನಂತೆ ಸುತ್ತಿಕೊಂಡಿದ್ದರೆ, ಬ್ರೌವರ್ಸ್‌ಗ್ರಾಖ್ಟ್ ಅವುಗಳ ಉತ್ತರದ ತುದಿಯನ್ನು ಅಡ್ಡಲಾಗಿ ದಾಟಿ ವಾಯವ್ಯ ದಿಕ್ಕಿಗೆ ಚಾಚಿಕೊಂಡಿದೆ. ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದೂ ವಾಯವ್ಯಕ್ಕೇ. ಹಾಗಾಗಿ ಒಂಬತ್ತು ಗಂಟೆಯ ನಂತರ ಬಿಸಿಲು ನೀರಿನ ಉದ್ದಕ್ಕೂ ಹರಿದು ಬಂದು ಹಳೆಯ ಉಗ್ರಾಣಗಳ ಇಟ್ಟಿಗೆಯ ಗೋಡೆಗಳನ್ನೂ ಅವುಗಳ ದೊಡ್ಡ ಮರದ ಕಿಟಕಿಬಾಗಿಲುಗಳನ್ನೂ ಕೆಂಪಾಗಿಸುತ್ತದೆ. ಪ್ರಿನ್ಸೆನ್‌ಗ್ರಾಖ್ಟ್ ಬಂದು ಸೇರುವ ಮೂಲೆಯಲ್ಲಿ ಸೇತುವೆಗಳು ಒಟ್ಟೊಟ್ಟಿಗೆ ಕಾಣುತ್ತವೆ. ಅಲ್ಲಿಂದ ನೂರಾರು ಹೆಜ್ಜೆ ನಡೆದರೂ ಸಾಕು, ಸಂಜೆ ತುಂಬಿದಂತಾಗುತ್ತದೆ.

ಆಗಸ್ಟ್ ಕೊನೆಯ ಹೊತ್ತಿಗೆ ಸೂರ್ಯಾಸ್ತವು ಎಂಟೂವರೆಗೆ ಇಳಿದಿರುತ್ತದೆ. ಆಗ ದೀಪಗಳ ಸರದಿ. ಸೇತುವೆಗಳ ಕಮಾನುಗಳಿಗೆ ಕಟ್ಟಿದ ಬಲ್ಬುಗಳ ಸಾಲು ಹೊತ್ತಿಕೊಳ್ಳುವುದನ್ನು ನೋಡಲು ಹಿರಿಯರು ನಿದ್ದೆಗೆಡಬೇಕಾಗಿಲ್ಲ. ಹೇರೆನ್‌ಗ್ರಾಖ್ಟ್‌ನಿಂದ ರೆಗುಲಿಯರ್ಸ್‌ಗ್ರಾಖ್ಟ್ ಕವಲೊಡೆಯುವ ಜಾಗದಲ್ಲಿ ನಿಂತರೆ ಏಳು ಸೇತುವೆಗಳ ಕಮಾನುಗಳು ಒಂದರ ಹಿಂದೊಂದು ಕಾಣುತ್ತವೆ, ಮತ್ತು ಅಲ್ಲಿಂದ ಆಮ್ಸ್ಟೆಲ್ ನದಿಯ ಮೇಲಿನ ಮಾಗೆರೆ ಬ್ರುಖ್ ಎಂಬ ಬಿಳಿಯ ಎತ್ತುಸೇತುವೆ ದೂರವಿಲ್ಲ.

ಮಂಡಿನೋವಿನ ಬಗ್ಗೆ ಹೇಳುವುದಾದರೆ, ಕಾಲುವೆಯ ಬೀದಿಗಳಿಗೆ ಇಟ್ಟಿಗೆ ಹಾಸಿದ್ದಾರೆ, ಅದು ಎಲ್ಲೆಡೆ ಸಮತಟ್ಟಾಗಿಲ್ಲ. ಸೇತುವೆಗಳಿಗೆ ಏರುಇಳಿವು ಇದೆ. ಹೆಚ್ಚಿನ ಕಡೆ ನೀರಿನ ಅಂಚಿಗೆ ತಡೆಗೋಡೆಯೂ ಕಂಬಿಯೂ ಇಲ್ಲ, ಮಾತನಾಡುತ್ತ ಹಿಂದೆ ಸರಿಯುವವರನ್ನು ಕೈಹಿಡಿದು ನಿಲ್ಲಿಸಬೇಕಾಗುತ್ತದೆ. ಸೈಕಲ್ ದಾರಿಯನ್ನು ಕಾಲುದಾರಿಯೆಂದು ತಿಳಿದು ಅದರ ಮೇಲೆ ನಿಲ್ಲದಂತೆ ಮೊದಲ ದಿನವೇ ಅವರಿಗೆ ತಿಳಿಸಿ. ಜುಲೈ ತಿಂಗಳಲ್ಲೂ ಹಗಲಿನ ಗರಿಷ್ಠ ತಾಪಮಾನ ಸರಾಸರಿ 22 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ರಾತ್ರಿ 13ಕ್ಕೆ ಇಳಿಯುತ್ತದೆ. ನಮಗೆ ಹಿತವಾದ ಸಂಜೆ ಧಾರವಾಡದಿಂದ ಬಂದವರಿಗೆ ಚಳಿಗಾಲದ ಬೆಳಗಿನ ಜಾವದಂತೆ ತೋರಬಹುದು. ಶಾಲು, ಸ್ವೆಟರ್ ಕೈಯಲ್ಲಿರಲಿ.

ತುಳಸಿಕಟ್ಟೆ

ದೀಪದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಈ ದೇಶಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ನಮ್ಮ ಮನೆಯಲ್ಲೂ ಇದೇ ಚರ್ಚೆಯಾಗಿತ್ತು. ಸೂರ್ಯಾಸ್ತವನ್ನೇ ಅನುಸರಿಸಿದರೆ ಜೂನಿನಲ್ಲಿ ರಾತ್ರಿ ಹತ್ತಕ್ಕೆ ದೀಪ ಹಚ್ಚಬೇಕು, ಮಕ್ಕಳು ಅಷ್ಟರಲ್ಲಿ ಮಲಗಿರುತ್ತಾರೆ. ಡಿಸೆಂಬರಿನಲ್ಲಿ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ, ಆಗ ಮನೆಯಲ್ಲಿ ಯಾರೂ ಇರುವುದಿಲ್ಲ. ಕೊನೆಗೆ ನನ್ನ ಅತ್ತೆಯವರೇ ವರ್ಷವಿಡೀ ಏಳು ಗಂಟೆ ಎಂದು ನಿಶ್ಚಯಿಸಿದರು. ಮನೆಮಂದಿಯೆಲ್ಲ ಕೈಕಾಲು ತೊಳೆದು ಒಟ್ಟಿಗೆ ನಿಲ್ಲುವ ಹೊತ್ತೇ ದೀಪದ ಹೊತ್ತು ಎಂಬುದು ಅವರ ಅಭಿಪ್ರಾಯವಾಗಿತ್ತು, ಮತ್ತು ಅದು ಸರಿಯೆಂದೇ ನನಗೆ ಈಗಲೂ ಅನ್ನಿಸುತ್ತದೆ. ಸೂರ್ಯಾಸ್ತದ ಸಮಯಕ್ಕೇ ಸಂಧ್ಯಾವಂದನೆ ಮಾಡುವ ಹಿರಿಯರಿದ್ದರೆ ಅದು ಬೇರೆ ಮಾತು, ಅವರು ಸ್ಥಳೀಯ ಪಂಚಾಂಗವನ್ನೇ ನೋಡಿಕೊಳ್ಳುತ್ತಾರೆ. ಉಳಿದವರು ಏಳಕ್ಕೆ ದೀಪ ಹಚ್ಚಿ, ಊಟ ಮುಗಿಸಿ, ಎಂಟಕ್ಕೆ ಹೊರಟರೆ ಯೋರ್ಡಾನ್ ನಿವಾಸಿಯವರು ಹೇಳಿದ ಬೆಳಕಿನ ಹೊತ್ತಿಗೆ ಸರಿಯಾಗಿ ಕಾಲುವೆಯ ಬಳಿ ಇರಬಹುದು. ಮಲಗುವ ಕೋಣೆಗೆ ದಪ್ಪ ಪರದೆ ಹಾಕಿಸಿಡಿ, ಏಕೆಂದರೆ ಬೆಳಗ್ಗೆ ಐದೂಕಾಲಿಗೆಲ್ಲ ಮತ್ತೆ ಸೂರ್ಯ ಬಂದಿರುತ್ತಾನೆ.

ನೀರಿನ ಲೆಕ್ಕ

ಕಾಲುವೆಯ ದಂಡೆಯಲ್ಲಿ ಕುಳಿತು ಸಂಜೆ ಕಳೆಯುವುದು ಈ ನಗರಕ್ಕೆ ಹುಟ್ಟಿನಿಂದ ಬಂದ ಭಾಗ್ಯವೆಂದು ಬಹಳ ಜನ ಭಾವಿಸುತ್ತಾರೆ. ನೀರಾವರಿಯ ಕ್ಷೇತ್ರದಲ್ಲಿ ಕೆಲಸ ಮಾಡುವವನಾಗಿ ಅದು ಹಾಗಲ್ಲ ಎಂದು ಹೇಳಲೇಬೇಕು, ಏಕೆಂದರೆ ಇದನ್ನು ತಿಳಿದವರು ಆ ದಂಡೆಯಲ್ಲಿ ಕೂರುವ ರೀತಿಯೇ ಬೇರೆಯಾಗುತ್ತದೆ.

ಮೂರು ಮುಖ್ಯ ಕಾಲುವೆಗಳನ್ನು ತೋಡುವ ಕೆಲಸ 1613ರಲ್ಲಿ ಆರಂಭವಾಯಿತು. ಅವು ಸರಕು ಸಾಗಣೆಗೂ ವಸತಿಗೂ ಮಾಡಿದ ಕಾಲುವೆಗಳು, ಜೊತೆಗೆ ಊರಿನ ಕೊಳಚೆಯನ್ನು ಹೊತ್ತವೂ ಅವೇ. ಸಮತಟ್ಟಾದ ನೆಲದಲ್ಲಿ ನೀರು ತಾನಾಗಿ ಹರಿಯುವುದಿಲ್ಲ. ಆದ್ದರಿಂದ 17 ಮತ್ತು 18ನೇ ಶತಮಾನದ ಬೇಸಿಗೆಗಳಲ್ಲಿ ಈ ನೀರು ಸಹಿಸಲಾಗದಷ್ಟು ನಾರುತ್ತಿತ್ತು. ಹೇರೆನ್‌ಗ್ರಾಖ್ಟ್‌ನ ಸಿರಿವಂತ ವರ್ತಕರು ಬೇಸಿಗೆ ಬಂದರೆ ಮನೆಗೆ ಬೀಗ ಹಾಕಿ ಫೆಖ್ಟ್ ಮತ್ತು ಆಮ್ಸ್ಟೆಲ್ ನದಿಗಳ ದಡದ ತಮ್ಮ ತೋಟದ ಮನೆಗಳಿಗೆ ಹೊರಟುಹೋಗುತ್ತಿದ್ದರು. ಅಂದರೆ ಇಂದು ನಾವು ಯಾವ ಸಂಜೆಗಾಗಿ ದೂರದಿಂದ ಬಂದು ನಿಲ್ಲುತ್ತೇವೆಯೋ ಆ ಸಂಜೆಯಿಂದ ತಪ್ಪಿಸಿಕೊಳ್ಳಲು ಅಂದಿನವರು ಊರು ಬಿಡುತ್ತಿದ್ದರು.

ಬದಲಾವಣೆ ನಿಧಾನವಾಗಿ ಬಂತು. 1872ರಲ್ಲಿ ಊರಿನ ಪೂರ್ವಕ್ಕೆ, ನೀರಿನ ಮಟ್ಟವನ್ನು ಕಾಯುವ ಬಾಗಿಲುಕಟ್ಟೆಗಳಾದ ಓರಾನ್ಯೆ ಲಾಕ್‌ಗಳು ಸಿದ್ಧವಾದ ಮೇಲೆ ಸಮುದ್ರದ ಉಬ್ಬರವಿಳಿತ ನಗರದ ನೀರಿಗೆ ತಲುಪುವುದು ನಿಂತಿತು. ಆಮೇಲೆ ಪಂಪುಗಳ ಮೂಲಕ ಹೊರಗಿನ ಶುದ್ಧ ನೀರನ್ನು ಒಳಗೆ ನುಗ್ಗಿಸಿ ಕಾಲುವೆಗಳನ್ನು ತೊಳೆಯುವ ವ್ಯವಸ್ಥೆ ಬಂತು. ಇಂದಿಗೂ ರಾತ್ರಿಯ ಹೊತ್ತು ಲಾಕ್‌ಗಳ ಬಾಗಿಲು ಮುಚ್ಚಿ, ಜೀಬರ್ಖ್ ಪಂಪ್‌ಹೌಸಿನಿಂದ ನೀರು ಹಾಯಿಸಿ, ಹಳೆಯ ನೀರನ್ನು ಹೊರಗೆ ತಳ್ಳುತ್ತಾರೆ. ಮನೆಗಳಿಗೆ ಒಳಚರಂಡಿ ಬಂದದ್ದು 20ನೇ ಶತಮಾನದಲ್ಲಿ. ದೋಣಿಮನೆಗಳನ್ನು ಒಳಚರಂಡಿಗೆ ಜೋಡಿಸಿದ್ದು ತೀರ ಈಚೆಗೆ.

ಈ ನೀರು ಉಳಿದಿರುವುದೇ ಒಂದು ದೊಡ್ಡ ಸಂಗತಿ. 19ನೇ ಶತಮಾನದ ಕೊನೆಯಲ್ಲಿ ನಿಯುವೆಝೈಡ್ಸ್ ಫೋರ್‌ಬರ್ಖ್‌ವಾಲ್, ರೋಜೆನ್‌ಗ್ರಾಖ್ಟ್ ಮುಂತಾದ ಕಾಲುವೆಗಳನ್ನು ಮಣ್ಣು ತುಂಬಿ ರಸ್ತೆ ಮಾಡಿದರು. 1954ರಲ್ಲಿ ನಗರದ ಪೊಲೀಸ್ ಮುಖ್ಯಸ್ಥ ಕಾಸ್‌ಯಾಗರ್ ಎಂಬವರು ಕಾರುಗಳಿಗೆ ದಾರಿ ಮಾಡಲು ಇನ್ನೂ ಹಲವು ಕಾಲುವೆಗಳನ್ನು ಮುಚ್ಚಬೇಕೆಂಬ ಯೋಜನೆಯನ್ನು ಮುಂದಿಟ್ಟರು. ಜನರ ವಿರೋಧದಿಂದ ಅದು ಕೈಗೂಡಲಿಲ್ಲ. 2010ರಲ್ಲಿ ಯುನೆಸ್ಕೊ ಈ ಕಾಲುವೆ ವಲಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದಂಡೆಯ ಗೋಡೆಗಳು ಮಾತ್ರ ಇನ್ನೂ ಆತಂಕದ ಸ್ಥಿತಿಯಲ್ಲಿವೆ: 2020ರ ಸೆಪ್ಟೆಂಬರ್ 1ರಂದು ಗ್ರಿಮ್‌ಬರ್ಖ್‌ವಾಲ್‌ನಲ್ಲಿ ದಂಡೆಯ ಗೋಡೆಯ ಒಂದು ಭಾಗ ಕುಸಿದು ನೀರಿಗೆ ಬಿತ್ತು. ನಿಮ್ಮ ಸಂಜೆಯ ನಡಿಗೆಯಲ್ಲಿ ಅಲ್ಲಲ್ಲಿ ಉಕ್ಕಿನ ಹಲಗೆಗಳ ಆಸರೆಯೂ ಬೇಲಿಯೂ ಅಡ್ಡ ಬಂದರೆ ಅದಕ್ಕೆ ಇದೇ ಕಾರಣವೆಂದು ತಿಳಿಯಿರಿ.

ಆಮ್ಸ್ಟೆಲ್‌ವೇನ್ ವಾಸಿ

ಎಲ್ಲರ ಉತ್ತರಗಳಿಗೂ ಹೃತ್ಪೂರ್ವಕ ಧನ್ಯವಾದಗಳು. ಏಳು ಗಂಟೆಯ ದೀಪದ ಮಾತನ್ನು ತಾಯಿಯವರಿಗೆ ಓದಿ ಹೇಳಿದೆ, ಅವರಿಗೆ ಸಮಾಧಾನವಾಯಿತು. ಈಗ ದೋಣಿಯ ಬಗ್ಗೆ ಕೇಳುತ್ತೇನೆ. ಕಾಲುವೆಯ ಊರಿಗೆ ಬಂದು ನೀರಿನ ಮೇಲೆ ಹೋಗದಿದ್ದರೆ ಹೇಗೆ ಎಂದು ತಂದೆಯವರು ಈಗಲೇ ಕೇಳುತ್ತಿದ್ದಾರೆ. ಪ್ರವಾಸಿ ದೋಣಿ ಒಳ್ಳೆಯದೋ, ಚಿಕ್ಕ ದೋಣಿಯನ್ನು ಬಾಡಿಗೆಗೆ ಪಡೆದು ನಾವೇ ನಡೆಸುವುದು ಒಳ್ಳೆಯದೋ?

ದೋಣಿಗಟ್ಟೆ

ಎರಡನ್ನೂ ಆಮೇಲೆ ನೋಡಿ, ಮೊದಲು ಉಚಿತ ಫೆರಿಯಲ್ಲಿ ಕರೆದುಕೊಂಡು ಹೋಗಿ. ಸೆಂಟ್ರಲ್ ರೈಲು ನಿಲ್ದಾಣದ ಹಿಂಬದಿಯಿಂದ ಐ ಎಂಬ ವಿಶಾಲವಾದ ನೀರನ್ನು ದಾಟಿ ಉತ್ತರದ ದಡಕ್ಕೆ ಹೋಗುವ ಈ ಫೆರಿಗಳಿಗೆ ಟಿಕೆಟ್ ಇಲ್ಲ. ಮೆಟ್ಟಿಲೂ ಇಲ್ಲ, ಸೈಕಲ್ಲುಗಳು, ಗಾಲಿಕುರ್ಚಿಗಳು ನೇರವಾಗಿ ಒಳಗೆ ಹೋಗುವಂತೆ ಸಮತಟ್ಟಾದ ದಾರಿಯಿರುವುದರಿಂದ ಮಂಡಿನೋವಿನವರಿಗೆ ಇದಕ್ಕಿಂತ ಸುಲಭದ ದೋಣಿ ಬೇರೆಯಿಲ್ಲ. ಬೊಯ್ಕ್ಸ್‌ಲೋಟರ್‌ವೇಖ್‌ಗೆ ಹೋಗುವ ಫೆರಿ ಕೆಲವೇ ನಿಮಿಷಗಳಲ್ಲಿ ದಡ ಮುಟ್ಟುತ್ತದೆ, ಹಗಲು ರಾತ್ರಿ ನಿಲ್ಲದೆ ಓಡಾಡುತ್ತದೆ. 2012ರಲ್ಲಿ ತೆರೆದ ಐ ಚಲನಚಿತ್ರ ಸಂಗ್ರಹಾಲಯದ ಬಿಳಿಯ ಕಟ್ಟಡ ಅಲ್ಲೇ ನೀರಿನ ಅಂಚಿನಲ್ಲಿದೆ. ಅದರ ಮುಂದಿನ ದಡದಲ್ಲಿ ಕುಳಿತರೆ ಎದುರಿಗೆ ಇಡೀ ಹಳೆಯ ನಗರ. ಆದರೆ ನನ್ನ ಮೆಚ್ಚಿನದು ಹಳೆಯ ಹಡಗುಕಟ್ಟೆಯಾದ ಎನ್‌ಡಿಎಸ್‌ಎಂಗೆ ಹೋಗುವ ಫೆರಿ. ಆ ಪ್ರಯಾಣ ಸುಮಾರು ಕಾಲು ಗಂಟೆಯದು. ಕಾಲುವೆಗಳಲ್ಲಿ ಮನೆಗಳ ನಡುವೆ ಕತ್ತರಿಸಿದಂತೆ ಕಾಣುವ ಆಕಾಶ ಅಲ್ಲಿ ಒಮ್ಮೆಲೇ ಪೂರ್ತಿ ತೆರೆದುಕೊಳ್ಳುತ್ತದೆ.

ಕಾಲುವೆಯೊಳಗಿನ ಪ್ರವಾಸಿ ದೋಣಿಗಳಿಗೆ ಸಾಮಾನ್ಯವಾಗಿ ಮೆಟ್ಟಿಲು ಇಳಿದು ಹೋಗಬೇಕು, ಕಾದಿರಿಸುವ ಮುನ್ನ ಅದನ್ನು ಕೇಳಿಕೊಳ್ಳಿ. ಗಾಜಿನ ಮಾಡಿನ ದೋಣಿಗಿಂತ ತೆರೆದ ದೋಣಿಯೇ ಬೇಸಿಗೆಯ ಸಂಜೆಗೆ ಲೇಸು. ಬ್ಯಾಟರಿಯಿಂದ ಓಡುವ ಚಿಕ್ಕ ದೋಣಿಗಳನ್ನು ನಡೆಸಲು ಪರವಾನಗಿ ಬೇಕಿಲ್ಲ. ಕಾಲುವೆಗಳಲ್ಲಿ ವೇಗದ ಮಿತಿ ಗಂಟೆಗೆ 6 ಕಿಲೋಮೀಟರ್, ಬಲಬದಿಯಲ್ಲಿ ಸಾಗಬೇಕು, ದೊಡ್ಡ ದೋಣಿಗಳಿಗೆ ದಾರಿ ಬಿಡಬೇಕು. ವಾರದ ನಡುವಿನ ಸಂಜೆಯನ್ನು ಆರಿಸಿಕೊಳ್ಳಿ, ಶನಿವಾರ ಬೇಡ. ಅದರಲ್ಲೂ ಆಗಸ್ಟ್ ತಿಂಗಳ ಮೊದಲ ಶನಿವಾರ ಲೈಂಗಿಕ ಅಲ್ಪಸಂಖ್ಯಾತರ ಪ್ರೈಡ್ ಮೆರವಣಿಗೆ ಕಾಲುವೆಯಲ್ಲೇ ಸಾಗುತ್ತದೆ. 1996ರಿಂದ ನಡೆದು ಬಂದಿರುವ ಅದು ನೋಡಬೇಕಾದ ಉತ್ಸವವೇ ಸರಿ, ಆದರೆ ಆ ದಿನದ ಜನಸಂದಣಿಯಲ್ಲಿ ಹಿರಿಯರನ್ನು ಕರೆದುಕೊಂಡು ಹೋಗುವುದು ಕಷ್ಟ.

ಮೂರನೇ ಮಹಡಿ

ಇಷ್ಟೆಲ್ಲ ಸಲಹೆಗಳ ನಡುವೆ, ಕಾಲುವೆಯ ಮೇಲೆಯೇ ಮನೆಯಿರುವವಳಾಗಿ ಒಂದು ವಿನಂತಿಯನ್ನು ಮುಂದಿಡುತ್ತೇನೆ. ನೀರಿನ ಮೇಲೆ ಮಾತು ಬಹಳ ದೂರ ಸಾಗುತ್ತದೆ. ಎರಡೂ ಬದಿಯ ಎತ್ತರದ ಮನೆಗಳ ನಡುವೆ ಕೆಳಗಿನ ನಗು, ಕೂಗು, ಲೋಟದ ಸದ್ದು ಎಲ್ಲವೂ ಮೇಲಿನ ಕೋಣೆಗೆ ಸ್ಪಷ್ಟವಾಗಿ ಬರುತ್ತದೆ. ಇಲ್ಲಿನ ಹಳೆಯ ಮನೆಗಳಲ್ಲಿ ಹವಾನಿಯಂತ್ರಣ ಅಪರೂಪ. ಸೆಕೆಯ ದಿನಗಳಲ್ಲಿ ಇಟ್ಟಿಗೆಯ ಗೋಡೆ ಹೀರಿಕೊಂಡ ಬಿಸಿಲು ರಾತ್ರಿ ಹೊರಬರುವುದರಿಂದ ಕಿಟಕಿ ತೆರೆದೇ ಮಲಗಬೇಕು. 2019ರ ಜುಲೈ 25ರಂದು ಈ ದೇಶದ ದಕ್ಷಿಣದಲ್ಲಿ 40.7 ಡಿಗ್ರಿ ದಾಖಲಾಯಿತು. ಅಂಥ ದಿನಗಳಲ್ಲಿ ಉಕ್ಕು ಹಿಗ್ಗಿ ಸೇತುವೆಗಳು ತೆರೆಯದಂತೆ ಸಿಕ್ಕಿಕೊಳ್ಳದಿರಲಿ ಎಂದು ನಗರದವರು ದೋಣಿಗಳಿಂದ ಅವುಗಳ ಮೇಲೆ ನೀರು ಚಿಮ್ಮಿಸುತ್ತಾರೆ. ಮನುಷ್ಯರಿಗೆ ಇರುವುದು ತೆರೆದ ಕಿಟಕಿಯೊಂದೇ.

ದೋಣಿಗಳಲ್ಲಿ ಧ್ವನಿವರ್ಧಕದಿಂದ ಹಾಡು ಹಾಕುವುದನ್ನು ನಗರಸಭೆ ನಿಷೇಧಿಸಿದೆ, ಆದರೂ ವಾರಾಂತ್ಯದಲ್ಲಿ ಅದನ್ನು ಮೀರುವವರಿದ್ದಾರೆ. ನಗರದಲ್ಲಿ ಸುಮಾರು 2,500 ದೋಣಿಮನೆಗಳಿವೆ, ಅವುಗಳೊಳಗೂ ಕುಟುಂಬಗಳು ವಾಸಿಸುತ್ತವೆ. ಕಿಟಕಿಗೆ ಪರದೆಯಿಲ್ಲವೆಂದು ಒಳಗೆ ಇಣುಕಿ ಚಿತ್ರ ತೆಗೆಯಬಾರದು. ಮನೆಗಳ ಮುಂದೆ ಕಲ್ಲಿನ ಮೆಟ್ಟಿಲೂ ಪಕ್ಕದಲ್ಲಿ ಒಂದು ಬೆಂಚೂ ಇರುತ್ತದೆ. ಅದು ನಮ್ಮ ಊರಿನ ಜಗಲಿಯಿದ್ದಂತೆ, ಮನೆಯವರು ಊಟದ ನಂತರ ಬಂದು ಕುಳಿತು ದಾರಿಹೋಕರೊಡನೆ ಮಾತನಾಡುವ ಜಾಗ. ನಿಮ್ಮ ತಾಯಿಯವರು ಅಲ್ಲಿ ಕೂರಬೇಕೆಂದರೆ ಮನೆಯವರನ್ನು ಒಂದು ಮಾತು ಕೇಳಿ. ಹೆಚ್ಚಿನವರು ಸಂತೋಷದಿಂದ ಜಾಗ ಬಿಡುತ್ತಾರೆ, ನಾನಂತೂ ಬಿಡುತ್ತೇನೆ.

ಹಕ್ಕಿನೋಟ

ನೀವು ಕೇಳದ ಒಂದು ವಿಷಯವನ್ನು ಸೇರಿಸುತ್ತಿದ್ದೇನೆ, ಏಕೆಂದರೆ ಪರಊರಿನಲ್ಲಿ ಹಿರಿಯರಿಗೆ ಪರಿಚಿತವಾದುದು ಏನಾದರೂ ಕಂಡರೆ ಅವರ ಸಂಜೆ ಬೇರೆಯೇ ಆಗುತ್ತದೆ. ಆಮ್ಸ್ಟರ್‌ಡ್ಯಾಮಿನ ಕಾಲುವೆಗಳಲ್ಲಿ ಸಿಕ್ಕಿದ ಕಸಕಡ್ಡಿ, ಪ್ಲಾಸ್ಟಿಕ್ಕನ್ನೆಲ್ಲ ಸೇರಿಸಿ ಗೂಡು ಕಟ್ಟುವ, ಬಿಳಿಯ ಹಣೆಯ ಕಪ್ಪು ಹಕ್ಕಿ ನಮ್ಮ ಕೆರೆಗಳ ನಾಮದ ಕೋಳಿಯೇ. ದೋಣಿಮನೆಯ ಮಾಡಿನ ಮೇಲೆ ಅಲುಗಾಡದೆ ನಿಲ್ಲುವ ಬೂದು ಬಕವೂ ನಮಗೆ ಹಳೆಯ ಪರಿಚಯದ್ದು. 1865ರಲ್ಲಿ ತೆರೆದ ಫೊಂಡೆಲ್‌ಪಾರ್ಕಿನಲ್ಲಿ ಸಂಜೆಯಾಗುತ್ತಿದ್ದಂತೆ ಕಿರುಚುತ್ತ ಗುಂಪುಗುಂಪಾಗಿ ಹಾರುವ ಹಸಿರು ಗಿಳಿಗಳು ಸಾಕ್ಷಾತ್ ನಮ್ಮ ಗುಲಾಬಿ ಕೊರಳಪಟ್ಟಿಯ ಗಿಳಿಗಳು. ಪಂಜರದಿಂದ ಹೊರಬಿದ್ದ ಹಕ್ಕಿಗಳ ಸಂತತಿಯಾಗಿ ದಶಕಗಳಿಂದ ಇಲ್ಲಿ ಬೇರೂರಿವೆ. ನಿಮ್ಮ ತಂದೆಯವರು ಅವುಗಳ ಕೂಗನ್ನು ತಲೆಯೆತ್ತುವ ಮೊದಲೇ ಗುರುತಿಸುತ್ತಾರೆ.

ಹೊಸದಾಗಿ ಕಾಣುವುದು ಸ್ವಿಫ್ಟ್. ಕುಡುಗೋಲಿನ ಆಕಾರದ ರೆಕ್ಕೆಯ ಈ ಹಕ್ಕಿಗಳು ಜೂನ್, ಜುಲೈ ಸಂಜೆಗಳಲ್ಲಿ ಕಾಲುವೆಯ ಮನೆಗಳ ಮಾಡಿನ ಮಟ್ಟದಲ್ಲಿ ಚೀರುತ್ತ ಸುತ್ತು ಹಾಕುತ್ತವೆ, ಆಗಸ್ಟ್ ಆರಂಭಕ್ಕೆ ಆಫ್ರಿಕದ ಕಡೆಗೆ ಹೊರಟುಹೋಗುತ್ತವೆ. ಅವುಗಳನ್ನು ನೋಡುವುದಾದರೆ ತಡಮಾಡಬೇಡಿ.

ಉಟ್ರೆಕ್ಟ್ ಕನ್ನಡತಿ

ನನ್ನದು ಸ್ವಲ್ಪ ಪಕ್ಷಪಾತದ ಮಾತು, ಆದರೂ ಹೇಳುತ್ತೇನೆ: ಒಂದು ಸಂಜೆಯನ್ನು ಉಟ್ರೆಕ್ಟಿಗೆ ಮೀಸಲಿಡಿ. ಆಮ್ಸ್ಟರ್‌ಡ್ಯಾಮಿನಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿನ ಔಡೆಗ್ರಾಖ್ಟ್ ಕಾಲುವೆಯಲ್ಲಿ ನೀರಿನ ಮಟ್ಟದಲ್ಲೇ ಇನ್ನೊಂದು ದಂಡೆಯಿದೆ. ಬೀದಿಯ ಕೆಳಗೆ ಹಳೆಯ ನೆಲಮಾಳಿಗೆಗಳು ಅದಕ್ಕೆ ಬಾಗಿಲು ತೆರೆಯುತ್ತವೆ, ಅಲ್ಲಿ ಕುಳಿತರೆ ನೀರು ಕೈಗೆಟಕುವಷ್ಟು ಹತ್ತಿರ. ಕೆಳಗಿಳಿಯಲು ಮೆಟ್ಟಿಲುಗಳಿವೆ ಎಂಬುದನ್ನು ಮಾತ್ರ ಮಂಡಿನೋವಿನವರು ಗಮನಿಸಬೇಕು. ಮೆಟ್ಟಿಲು ಬೇಡವಾದರೆ ನಿಲ್ದಾಣದ ಪಕ್ಕದ ಕಥರೈನೆಸಿಂಗಲ್ ಇದೆ. ಮೇಲೆ ಹೇಳಿದ ಕಾಸ್‌ಯಾಗರ್ ಯೋಜನೆ ಆಮ್ಸ್ಟರ್‌ಡ್ಯಾಮಿನಲ್ಲಿ ತಪ್ಪಿಹೋಯಿತು, ನಮ್ಮಲ್ಲಿ ಅಂಥದ್ದು ನಡೆದೇ ಹೋಯಿತು; ಈ ಕಾಲುವೆಯ ಒಂದು ಭಾಗವನ್ನು ಬತ್ತಿಸಿ ಹೆದ್ದಾರಿ ಮಾಡಿದರು. ಆ ಹೆದ್ದಾರಿಯನ್ನು ಕಿತ್ತು 2020ರ ಸೆಪ್ಟೆಂಬರಿನಲ್ಲಿ ಮತ್ತೆ ನೀರು ತುಂಬಿಸಿದರು. ಈಗ ಅದರ ದಡದ ಹುಲ್ಲಿನ ಮೇಲೆ ಸಂಜೆ ಜನ ಕುಳಿತಿರುತ್ತಾರೆ.

ಯೋರ್ಡಾನ್ ನಿವಾಸಿ

ಸಂಗೀತವನ್ನು ಯಾರೂ ಹೇಳಲಿಲ್ಲವಾದ್ದರಿಂದ ಮತ್ತೆ ಬರೆಯುತ್ತಿದ್ದೇನೆ. ಫೊಂಡೆಲ್‌ಪಾರ್ಕಿನ ಬಯಲು ರಂಗಮಂದಿರದಲ್ಲಿ 1974ರಿಂದ ಬೇಸಿಗೆಯ ಕಾರ್ಯಕ್ರಮಗಳು ನಡೆಯುತ್ತಿವೆ. ಪ್ರವೇಶ ಉಚಿತ, ಇಷ್ಟವಿದ್ದವರು ಕಾಣಿಕೆ ಕೊಡಬಹುದು. ಆಗಸ್ಟಿನಲ್ಲಿ ನಡೆಯುವ ಗ್ರಾಖ್ಟೆನ್ ಉತ್ಸವದಲ್ಲಿ ಕಾಲುವೆಯ ಮನೆಗಳು, ತೋಟಗಳು, ದೋಣಿಗಳೇ ಶಾಸ್ತ್ರೀಯ ಸಂಗೀತದ ವೇದಿಕೆಗಳಾಗುತ್ತವೆ. ಅದರ ದೊಡ್ಡ ಸಂಜೆ ಪ್ರಿನ್ಸೆನ್‌ಗ್ರಾಖ್ಟ್ ಸಂಗೀತ ಕಚೇರಿ, 1981ರಲ್ಲಿ ಆರಂಭವಾದದ್ದು. ನೀರಿನ ಮೇಲೆ ತೇಲುವ ವೇದಿಕೆಯಲ್ಲಿ ಕಲಾವಿದರು ನುಡಿಸುತ್ತಾರೆ, ಕೇಳುಗರು ದಂಡೆಯಲ್ಲೂ ಕಾಲುವೆ ತುಂಬ ಒತ್ತೊತ್ತಾಗಿ ನಿಂತ ದೋಣಿಗಳಲ್ಲೂ ಇರುತ್ತಾರೆ. ಬೇರೆ ದಿನಗಳಲ್ಲಿ ಗದ್ದಲಕ್ಕೆ ಹೆಸರಾದ ಅದೇ ದೋಣಿಗಳು ಅಂದು ಮೌನವಾಗಿ ಕೇಳುವುದನ್ನು ನೋಡಿದಾಗಲೆಲ್ಲ ಈ ಊರಿನ ಮೇಲಿನ ನನ್ನ ಗೌರವ ಹೆಚ್ಚುತ್ತದೆ. ನಿಂತು ಕೇಳಲಾರದವರು ಬಹಳ ಮುಂಚೆ ಹೋಗಿ ಜಾಗ ಹಿಡಿಯಬೇಕು, ಮಡಚುವ ಕುರ್ಚಿ ಒಯ್ದರೆ ಉತ್ತಮ.

ಮಳೆಗೆ ಹೆದರಿ ಮನೆಯಲ್ಲಿ ಉಳಿಯಬೇಡಿ. ಇಲ್ಲಿನ ಬೇಸಿಗೆಯ ಮಳೆ ಬಂದು ಹೋಗುವಂಥದ್ದು. ಬೊಯೆನ್‌ರಾಡಾರ್ ಎಂಬ ಮಳೆಯ ಮುನ್ಸೂಚನೆಯ ಆ್ಯಪ್ ನೋಡಿಕೊಂಡರೆ ಮುಂದಿನ ಎರಡು ಗಂಟೆಗಳಲ್ಲಿ ಮಳೆ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದು ತಿಳಿಯುತ್ತದೆ. ಮಳೆ ನಿಂತ ಕೂಡಲೇ ಹೊರಟವರಿಗೆ ಬೆಂಚು ಒದ್ದೆಯಾಗಿದ್ದರೂ ದಂಡೆ ಖಾಲಿ ಸಿಗುತ್ತದೆ.

ಆಮ್ಸ್ಟೆಲ್‌ವೇನ್ ವಾಸಿ

ಎಲ್ಲವನ್ನೂ ಓದಿ ಮನೆಯವರೊಂದಿಗೆ ಕುಳಿತು ಒಂದು ಯೋಜನೆ ಮಾಡಿಕೊಂಡೆವು. ಬಂದ ಮೊದಲ ವಾರ ದೂರವೆಲ್ಲೂ ಹೋಗದೆ ಫೊಂಡೆಲ್‌ಪಾರ್ಕಿನ ಗಿಳಿಗಳು. 5ನೇ ಸಂಖ್ಯೆಯ ಟ್ರಾಮಿನಲ್ಲಿ ಲೈಡ್ಸೆಪ್ಲೇನಿನ ಬಳಿ ಇಳಿದರೆ ಪಾರ್ಕಿಗೆ ಹೆಚ್ಚು ನಡೆಯಬೇಕಾಗಿಲ್ಲ. ಜೂನ್ ಕೊನೆಯಲ್ಲಿ, ಆಕಾಶ ತಿಳಿಯಾಗಿರುವ ಒಂದು ದಿನ ನೋಡಿಕೊಂಡು ಬ್ರೌವರ್ಸ್‌ಗ್ರಾಖ್ಟ್. ಜುಲೈನಲ್ಲಿ ಎನ್‌ಡಿಎಸ್‌ಎಂ ಫೆರಿ, ಉಟ್ರೆಕ್ಟ್. ಸೇತುವೆಯ ದೀಪಗಳನ್ನೂ ತೆರೆದ ದೋಣಿಯನ್ನೂ ಆಗಸ್ಟಿಗೆ ಇಟ್ಟುಕೊಂಡಿದ್ದೇವೆ. ಮೂರನೇ ಮಹಡಿಯವರೇ, ನಿಮ್ಮ ಮಾತು ಮನಸ್ಸಿಗೆ ನಾಟಿತು; ದೋಣಿಯನ್ನು ಒಂಬತ್ತೂವರೆಯೊಳಗೆ ಹಿಂದಿರುಗಿಸುವಂತೆ ಗೊತ್ತುಮಾಡುತ್ತೇವೆ. ಸಂಗೀತ ಕಚೇರಿಗೆ ತಂದೆಯವರು ಬಂದೇ ಬರುತ್ತೇನೆಂದು ಹಟ ಹಿಡಿದಿದ್ದಾರೆ. ಅಂದು ಮಧ್ಯಾಹ್ನವೇ ಹೋಗಿ ಜಾಗ ಹಿಡಿಯಲು ಜೊತೆಗೆ ಬರಬಲ್ಲವರು ಇದ್ದರೆ ದಯವಿಟ್ಟು ಇಲ್ಲಿಯೇ ತಿಳಿಸಿ, ಎಲ್ಲರಿಗೂ ಆಗುವಷ್ಟು ಚಿತ್ರಾನ್ನ, ಮೊಸರನ್ನವನ್ನು ನಾವು ತರುತ್ತೇವೆ.

ಮೂರನೇ ಮಹಡಿ

ಕುರ್ಚಿಗಳನ್ನು ಆಮ್ಸ್ಟೆಲ್‌ವೇನಿನಿಂದ ಹೊತ್ತು ತರಬೇಡಿ, ನಮ್ಮ ಮನೆಯಲ್ಲಿ ಸಾಕಷ್ಟಿವೆ. ಕಚೇರಿ ನಡೆಯುವ ಜಾಗಕ್ಕೆ ಹತ್ತಿರವೇ ಇದ್ದೇನೆ. ಹಿರಿಯರಿಗೆ ನಡುವೆ ವಿಶ್ರಾಂತಿ ಬೇಕಾದರೆ ನೆಲಮಹಡಿಯ ನೆರೆಯವರನ್ನು ಕೇಳಿ ಒಂದು ಕೋಣೆಯ ವ್ಯವಸ್ಥೆಯನ್ನೂ ಮಾಡಿಸುತ್ತೇನೆ.